ಅಮ್ಮನ ಅಳತೆಯ ಅಕ್ಷರ

"ಇನ್ನೂ ಸ್ವಲ್ಪ ದಪ್ಪ ಮಾಡು," ಎಂದಳು ಅಮ್ಮ, ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು.

"ಇನ್ನೂ ದಪ್ಪ ಮಾಡಿದ್ರೆ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತಮ್ಮ."

"ಉಣ್ಣೋದು ನಾನು, ದಪ್ಪ ಆಗೋದು ನಿನ್ನ ಅಕ್ಷರ. ಇದ್ಯಾವ ನ್ಯಾಯ ಕಣೇ?"

ಮಗಳು ನಕ್ಕಳು. ಅಕ್ಷರಗಳನ್ನು ರೂಪಿಸುವುದು ಅವಳ ಕಸುಬು. ಆಟಿಕೆ ಕಂಪನಿಯೊಂದು ಅಂಗಡಿಯ ಬೋರ್ಡಿಗೆ, ಡಬ್ಬಕ್ಕೆ, ಬಲೂನಿಗೆ ಎಲ್ಲಕ್ಕೂ ಆಗುವಂಥ ದಪ್ಪ ಅಕ್ಷರ ಕೇಳಿತ್ತು. ಎಲ್ಲೂ ಚೂಪು ಇರಬಾರದು, ತುದಿಗಳೆಲ್ಲ ಎಳೆಮಗುವಿನ ಬೆರಳಿನ ಹಾಗೆ ದುಂಡಗಿರಬೇಕು. ಮೊದಲ ನಮೂನೆಗೇ ಅವರು ಹೂಂ ಅಂದಿದ್ದರು. ಬಿಡದವಳು ಇವಳೇ. ಅಮ್ಮನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಪೇಪರು ಓದುವುದು ಬಿಟ್ಟಾಗಿತ್ತು, ಔಷಧಿ ಚೀಟಿ ಬಿಟ್ಟಾಗಿತ್ತು, ಉಳಿದದ್ದು ಬೀದಿಯ ಬೋರ್ಡುಗಳಷ್ಟೇ. ಡಾಕ್ಟರು ಕೈಚೆಲ್ಲಿದ್ದರು. ಅಮ್ಮ ಓದಬಲ್ಲ ಅಕ್ಷರವೊಂದನ್ನಾದರೂ ಮಾಡಿಯೇ ತೀರುತ್ತೇನೆಂದು ಮಗಳು ಹಟ ಹಿಡಿದಿದ್ದಳು.

ದಪ್ಪ ಮಾಡುವುದೇನು ಹುಡುಗಾಟವೇ? ಗೆರೆ ಉಬ್ಬಿದಷ್ಟೂ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಕಿರಿದಾಗುತ್ತದೆ. ಅದು ಮುಚ್ಚಿತೋ, ಅಕ್ಷರ ಹೋಗಿ ಮಸಿಯ ಮುದ್ದೆ ಉಳಿಯುತ್ತದೆ. ಕೂದಲೆಳೆಯಷ್ಟು ಉಬ್ಬಿಸುತ್ತ, ಕೂದಲೆಳೆಯಷ್ಟು ಬಿಳಿ ಉಳಿಸುತ್ತ ಅವಳು ಹಾಳೆಯ ಮೇಲೆ ಹಾಳೆ ಅಚ್ಚು ತೆಗೆದಳು. ಪರೀಕ್ಷೆಗೆ ಯಾವಾಗಲೂ ಒಂದೇ ಸಾಲು: ದುಂಡು ಬುಗುರಿ ಗಿರಗಿರ ತಿರುಗಿ ಮೂಲೆ ಸೇರಿತು. ಕೆಲಸ ಮಾಡುವಾಗ ಅದನ್ನೇ ಗುನುಗುವುದು ಅವಳಿಗೆ ಅಭ್ಯಾಸವಾಗಿತ್ತು.

ಆ ಬೆಳಿಗ್ಗೆ ಹೊಸ ಹಾಳೆಯನ್ನು ಗೋಡೆಗೆ ತಲೆಕೆಳಗಾಗಿ ಅಂಟಿಸಿದಳು. ಈ ಕಸುಬಿನವರು ಮಾಡುವುದೇ ಹಾಗೆ. ನೆಟ್ಟಗಿದ್ದರೆ ಕಣ್ಣು ಮಾತನ್ನು ಓದಿ ಮುಗಿಸಿಬಿಡುತ್ತದೆ, ಆಕಾರದ ತಪ್ಪು ಕಾಣುವುದಿಲ್ಲ. ಒಂದು ಅಕ್ಷರ ತುಸು ವಾಲಿದೆ ಎನಿಸಿ ಪೆನ್ಸಿಲ್ಲು ಹುಡುಕುತ್ತಿದ್ದಾಗ ಅಮ್ಮ ಬಾಗಿಲು ತಡವಿಕೊಂಡು ಒಳಗೆ ಬಂದಳು. ಹಾಳೆಯ ಮುಂದೆ ನಿಂತು, ತಲೆಯನ್ನು ಸ್ವಲ್ಪ ಹಿಂದಕ್ಕೆಳೆದು, ಓದಿದಳು.

"ದುಂಡು ಬುಗುರಿ... ಗಿರ... ಗಿರಗಿರ ತಿರುಗಿ ಮೂಲೆ ಸೇರಿತು." ಓದುವವರು ತಡವರಿಸುವ ಹಾಗೆಯೇ ನಡುವೆ ತಡವರಿಸಿದಳು. "ಈ ಸಲ ಸರಿಯಾಯ್ತು ನೋಡು. ಸಲೀಸಾಗಿ ಓದಕ್ಕಾಗ್ತಿದೆ. ಇನ್ನು ಕಳಿಸ್ಬಿಡು. ಎಷ್ಟು ದಿನ ಅಂತ ಬೆನ್ನು ಬಗ್ಗಿಸ್ಕೊಂಡು ಕೂತಿರ್ತೀಯ?"

ಮಗಳು ತಲೆಕೆಳಗಾದ ಹಾಳೆಯನ್ನೊಮ್ಮೆ, ಅಮ್ಮನ ಮುಖವನ್ನೊಮ್ಮೆ ನೋಡಿದಳು. ಅಮ್ಮನಿಗೆ ಕಾಣುವುದು ನಿಂತು ಎಷ್ಟು ಕಾಲವಾಗಿತ್ತೋ, ಎಷ್ಟು ಹಾಳೆಗಳನ್ನು ಹೀಗೇ ಓದಿದ್ದಳೋ. ಮುದ್ದೆಯಾಗಲಿ ಮುತ್ತಾಗಲಿ, ಅಮ್ಮನಿಗೆ ಈಗ ಎರಡೂ ಒಂದೇ. ಮಗಳು ಸದ್ದಾಗದಂತೆ ಹಾಳೆಯನ್ನು ಗೋಡೆಯಿಂದ ಬಿಡಿಸತೊಡಗಿದಳು. ಆದರೂ ಕಾಗದ ಸರಪರ ಎಂದಿತು.

ಅಮ್ಮ ಕಿವಿಗೊಟ್ಟು ನಿಂತಳು. "ಯಾಕೆ, ತಲೆಕೆಳಗಾಗಿತ್ತಾ?"

"ಇಲ್ಲಮ್ಮ. ಅಂಟು ಬಿಟ್ಕೊಂಡಿತ್ತು, ಸರಿ ಮಾಡ್ತಿದ್ದೀನಿ."

"ಸರಿಯಾಯ್ತಾ?"

"ಹೂಂ, ಆಯ್ತು."

"ಹಾಗಾದ್ರೆ ಇನ್ನೊಂದ್ಸಲ ಓದ್ತೀನಿ."

ಮಗಳು ಹಾಳೆಯನ್ನು ಎದೆಗವಚಿಕೊಂಡು ಪಕ್ಕಕ್ಕೆ ಸರಿದಳು. ಅಮ್ಮ ಕೈಯಿಂದ ಕಣ್ಣೊರೆಸಿಕೊಂಡು, ಬರಿಗೋಡೆಯತ್ತ ಮುಖವೆತ್ತಿ, ಈ ಸಲ ಎಲ್ಲೂ ತಡವರಿಸದೆ ಓದಿದಳು.