ಉಸ್ರ್ಯಾ ಎಂಬ ಬೈಗುಳ

ಶಶಿಕಲಾ ಆ ಬೈಗುಳವನ್ನು ಹುಟ್ಟಿಸಿದ್ದು ರಾಯಚೂರಿನ ಖಾಸಗಿ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ, ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವ ಹೊತ್ತಿಗೆ. ಆಕೆ ಅಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅಂತರ ಕಾಲೇಜು ಸ್ಪರ್ಧೆಗೆಂದು ಒಂದು ನಾಟಕ ಬರೆಯುತ್ತಿದ್ದಳು. ಅದು ನಡೆಯುವುದು ಗಾಳಿಯೇ ಇಲ್ಲದ ಬೇರೊಂದು ಗ್ರಹದಲ್ಲಿ. ಗಾಜಿನ ಗೋಪುರದೊಳಗೆ ಯಂತ್ರಗಳು ಗಾಳಿ ತಯಾರಿಸುತ್ತವೆ. ಮೇಲಿನ ಅಂತಸ್ತಿನವರು ಅದನ್ನು ಎದೆ ತುಂಬ ಎಳೆದುಕೊಳ್ಳುತ್ತಾರೆ. ತಳದ ಗಣಿಯಲ್ಲಿ ದುಡಿಯುವವರಿಗೆ ಕೊಳವೆಯಲ್ಲಿ ಅಳೆದು ಬಿಡುತ್ತಾರೆ. ಯಂತ್ರ ತಿರುಗುವುದೇ ಗಣಿಯವರು ಅಗೆದು ಕೊಟ್ಟ ಅದಿರಿನಿಂದ. ಆದರೂ ಮೇಲಿನವರ ಲೆಕ್ಕದಲ್ಲಿ ಗಣಿಯವರು ತಮ್ಮ ಉಸಿರು ಕದಿಯುವ ಕಳ್ಳರು.

ನಾಟಕ ಆಡಿಸಲು ಒಪ್ಪಿದ್ದ ಭೌತಶಾಸ್ತ್ರದ ಮುಕರ್ರಂ ಸರ್ ಬರೆದಷ್ಟನ್ನೂ ಓದಿ ತಲೆ ಕೆರೆದುಕೊಂಡರು.

"ಎಲ್ಲಾ ಛಲೋ ಅದ ಮೇಡಂ. ಆದ್ರ ಮ್ಯಾಲಿನವ್ರು ಇವ್ರಿಗೆ ಬರೇ 'ಏ ಗಣಿಯವನೇ' ಅಂದ್ರ ಹೆಂಗ್ರೀ? ಸಿಟ್ಟೂ ಬರಂಗಿಲ್ಲ, ಅಳೂನೂ ಬರಂಗಿಲ್ಲ. ಒಂದು ಬೈಗುಳ ಬೇಕು."

ಬೈಗುಳ ಹೇಗಿರಬೇಕೆಂದು ಶಶಿಕಲಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದೇವದುರ್ಗ ತಾಲ್ಲೂಕಿನ ಮಸರಕಲ್‌ನಲ್ಲಿ ಆಕೆಯ ಅಪ್ಪ ಮೌನಪ್ಪನನ್ನು ಹೊಲದ ಒಡೆಯರ ಮೊಮ್ಮಕ್ಕಳೂ ಮೌನ್ಯಾ ಎಂದೇ ಕರೆದಿದ್ದರು. ಆ ಹೆಸರಿನ ಹಿಂದೆಮುಂದೆ ಜಾತಿಯ ಮಾತೊಂದು ಅಂಟಿಕೊಂಡೇ ಬರುತ್ತಿತ್ತು. ಎರಡು ಪದವಿ ಮುಗಿಸಿದ್ದರೂ ಆ ಮಾತನ್ನು ಆಕೆಯ ಕೈ ಕಾಗದದ ಮೇಲೆ ಒಮ್ಮೆಯೂ ಬರೆದಿರಲಿಲ್ಲ. ಬೈಗುಳ ಮೊಟಕಾಗಿರಬೇಕು, ಓಣಿಯ ಆ ತುದಿಗೆ ಒಂದೇ ಕೂಗಿಗೆ ಮುಟ್ಟಬೇಕು, ಕೊನೆಯಲ್ಲಿ ಮನುಷ್ಯನನ್ನು ಅರ್ಧಕ್ಕೆ ಕತ್ತರಿಸುವ ಆ 'ಯಾ' ಇರಬೇಕು. ಉಸಿರುಗಳ್ಳ ಎಂಬುದನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಹೊರಳಾಡಿಸಿ, "ಉಸ್ರ್ಯಾ" ಎಂದಳು.

"ವಾಹ್! ಮುತ್ತಜ್ಜನ ಕಾಲದಿಂದ ಇದ್ದಂಗ ಅದಲ್ರೀ," ಎಂದರು ಮುಕರ್ರಂ. ಆಮೇಲೆ ದನಿ ತಗ್ಗಿಸಿ, "ನಿಜವಾದ ಮಾತೇ ಇಡಬಹುದಿತ್ತಲ್ಲ?" ಎಂದರು.

"ನಿಜವಾದ ಮಾತು ಇಟ್ರ ನೋಡೋ ಮಂದಿ ಅಲ್ಲೇ ಎರಡು ಪಾಲಾಗ್ತಾರ್ರಿ ಸರ್. ಹೊಸಾ ಮಾತು ಯಾರ ಮೈಮ್ಯಾಲೂ ಇರಂಗಿಲ್ಲ. ಎಲ್ರೂ ತಮಗ ಅಂದಂಗ ಕೇಳ್ತಾರ."

ಗಣಿಯವರ ಮುಖಂಡನ ಪಾತ್ರ ವಿನೋದನಿಗೆ ಸಿಕ್ಕಿತು. ಜಾಲಹಳ್ಳಿ ಕಡೆಯ ಹುಡುಗ, ಬಿ.ಎ. ಎರಡನೇ ವರ್ಷ, ಸಮಾಜ ಕಲ್ಯಾಣದ ಹಾಸ್ಟೆಲಿನಲ್ಲಿದ್ದ. ಅವನ ತಾಯಿ ಬಸ್ಸಮ್ಮ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಮೇಲಿನ ಅಂತಸ್ತಿನ ಅಧಿಕಾರಿಯಾಗಿ ಅವನದೇ ತರಗತಿಯ ಹನುಮೇಶ. ಎತ್ತರದ ಆಳು, ಗಡಸು ಕಂಠ, ಒಳ್ಳೆಯ ಜಮೀನಿದ್ದ ಮನೆ. ತಾಲೀಮಿನ ದಿನಗಳಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಾಳು ಒಗ್ಗರಣೆ ತಿನ್ನುವುದನ್ನು ಶಶಿಕಲಾ ಕಂಡಿದ್ದಳು.

ಪ್ರದರ್ಶನ ಮಾನ್ವಿಯಲ್ಲಿತ್ತು. ಹನುಮೇಶ ಮೊದಲ ಸಲ "ಏ ಉಸ್ರ್ಯಾ!" ಎಂದು ಅಬ್ಬರಿಸಿದಾಗ ಸಭಾಂಗಣ ಗೊಳ್ಳೆಂದು ನಕ್ಕಿತು. ಬರಬರುತ್ತ ಜನ ಆ ಮಾತಿಗಾಗಿಯೇ ಕಾಯತೊಡಗಿದರು. ಕೊನೆಯಲ್ಲಿ ಗಾಳಿಯ ಕೊಳವೆ ಮುಚ್ಚಿಸಿಕೊಂಡ ವಿನೋದ ರಂಗದ ನಡುವೆ ಒದ್ದಾಡಿ ಸತ್ತಾಗ ಎಲ್ಲರೂ ಸುಮ್ಮನಾದರು. ಮೊದಲ ಬಹುಮಾನವೇ ಬಂತು, ಕಾಲೇಜಿನಲ್ಲೂ ಇನ್ನೊಮ್ಮೆ ಆಡುವುದೆಂದು ನಿಶ್ಚಯವಾಯಿತು. ಮಸರಕಲ್‌ನಿಂದ ಬಸ್ಸು ಹಿಡಿದು ಬಂದಿದ್ದ ಮೌನಪ್ಪ ಹಿಂದಿನ ಸಾಲಿನಿಂದ ಎದ್ದು ಬಂದಾಗ ಅವನ ಮುಖದಲ್ಲಿ ಇನ್ನೂ ನಗೆ ಆರಿರಲಿಲ್ಲ.

"ಯಪ್ಪಾ, ನೀನೂ ನಕ್ಕೇನು?"

"ಭಾಳ ನಗಿ ಬಂತವ್ವಾ. ಹಂಗ ಒದರಾಕತ್ತಾನ, ಆದ್ರ ನಮಗಲ್ಲ, ಬ್ಯಾರೆ ಯಾರಿಗೋ! ಕುಂತು ಕೇಳಾಕ ಒಂಥರಾ ಹಗುರ ಅನಿಸ್ತು."

ಶಶಿಕಲಾ ಅಪ್ಪನಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದಳು.

ಯಾರೋ ಆ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು ಎಲ್ಲ ಕಡೆ ಹಂಚಿದರು. ಕೆಲವೇ ದಿನಗಳಲ್ಲಿ ಮಾತು ಕಾಲೇಜಿನ ತುಂಬ ಓಡಾಡತೊಡಗಿತು. ಕ್ಯಾಂಟೀನಿನಲ್ಲಿ ಗೆಳೆಯ ಗೆಳೆಯನನ್ನು ಉಸ್ರ್ಯಾ ಎಂದ. ಕ್ಯಾಚ್ ಬಿಟ್ಟವನು ಉಸ್ರ್ಯಾ, ಸಿಗರೇಟು ಬೇಡಿದವನು ಉಸ್ರ್ಯಾ. ಕೇಳಿದಾಗಲೆಲ್ಲ ಶಶಿಕಲಾಗೆ ಒಳಗೊಳಗೇ ಹಿಗ್ಗು. ತಾನು ಕಟ್ಟಿದ ಮಾತು ಕಾಲು ಬಂದು ನಡೆಯುತ್ತಿದೆಯಲ್ಲ!

ನಡೆಯುತ್ತ ನಡೆಯುತ್ತ ಅದು ಒಂದು ಕಡೆಗೇ ತಿರುಗಿತು. ಮೊದಲು ವಿನೋದನಿಗೆ, ಪಾತ್ರದ ಹೆಸರಲ್ಲವೇ ಎಂದು ಅವನೂ ನಕ್ಕ. ಆಮೇಲೆ ಅವನ ಹಾಸ್ಟೆಲಿನ ಎಲ್ಲ ಹುಡುಗರಿಗೂ. ಶಿಷ್ಯವೇತನ ಬಂದ ವಾರ "ಉಸ್ರ್ಯಾಗಳಿಗೆ ಗಾಳಿ ಬಿಟ್ರಂತಲೇ" ಎಂದು ಕಾರಿಡಾರಿನಲ್ಲಿ ಕೂಗಾಡಿದರು. ಗೆಳೆಯರ ನಡುವೆ ಆ ಮಾತು ಸದ್ದಿಲ್ಲದೆ ನಿಂತುಹೋಯಿತು. ಈಗ ಅದಕ್ಕೆ ಸ್ವಂತ ಜನ ಸಿಕ್ಕಿದ್ದರು.

ಒಂದು ದಿನ ಕುಡಿಯುವ ನೀರಿನ ನಲ್ಲಿಯ ಹತ್ತಿರ ಹನುಮೇಶ ಮತ್ತು ಅವನ ಗೆಳೆಯರು ವಿನೋದನನ್ನು ಅಡ್ಡಗಟ್ಟಿದರು. "ಏ ಉಸ್ರ್ಯಾ, ನಮ್ಮ ಸೀಟು ತಗೊಂಡಿ, ಗಾಳಿ ತಗೊಂಡಿ, ನೀರೂ ಬೇಕೇನಲೇ?" ವಿನೋದ ಹನುಮೇಶನ ಎದೆಗೆ ಕೈಯೊತ್ತಿ ದೂಡಿದ. ನಾಲ್ವರು ಅವನನ್ನು ನೆಲಕ್ಕೆ ಕೆಡವಿ, ನಾಟಕದ ಕೊನೆಯ ದೃಶ್ಯದಲ್ಲಿ ಕೊಳವೆ ಮುಚ್ಚಿದ ಹಾಗೆಯೇ ಅವನ ಮೂಗು ಬಾಯಿ ಮುಚ್ಚಿ ಹಿಡಿದರು. ಸುತ್ತ ನಿಂತವರು ನಗುತ್ತ ಫೋನು ಹಿಡಿದರು. ಅವನು ಕಾಲು ಬಡಿಯುವುದು ನಿಂತ ಮೇಲೆಯೇ ಕೈ ಸಡಿಲಿಸಿದ್ದು. ಉಸಿರು ಮರಳಿತು, ಆದರೆ ತೊಟ್ಟ ಪ್ಯಾಂಟು ಒದ್ದೆಯಾಗಿತ್ತು. ಅದೂ ಫೋನಿಗೆ ಸಿಕ್ಕಿತು.

ಪ್ರಿನ್ಸಿಪಾಲರ ಮುಂದೆ ಹನುಮೇಶ ತಡವರಿಸದೆ ಹೇಳಿದ: "ರಿಹರ್ಸಲ್ ಮಾಡಾಕತ್ತಿದ್ವಿ ಸರ್. ಆ ಡೈಲಾಗು ಶಶಿಕಲಾ ಮೇಡಂ ಬರೆದಿದ್ದೇ."

ಠಾಣೆಗೆ ವಿನೋದನ ಜೊತೆ ಶಶಿಕಲಾ ಹೋದಳು. ಹೊರಡುವ ಮುಂಚೆ ಪ್ರಿನ್ಸಿಪಾಲರು ಅವಳನ್ನು ಪಕ್ಕಕ್ಕೆ ಕರೆದು, "ಆ ಮಾತಿಗೆ ಅರ್ಥನೇ ಇಲ್ಲ ಅಂದುಬಿಡ್ರಿ. ನಿಮಗೂ ಛಲೋ, ಕಾಲೇಜಿಗೂ ಛಲೋ" ಎಂದಿದ್ದರು.

ಠಾಣೆಯ ಸಾಹೇಬರು ಕೆಟ್ಟವರಾಗಿ ಕಾಣಲಿಲ್ಲ. ವಿನೋದನಿಗೆ ನೀರು ತರಿಸಿಕೊಟ್ಟು ಕೇಳಿದರು. "ಜಾತಿ ಹೆಸರು ಹಿಡಿದು ಬೈದಾರೇನಪಾ?"

"ಉಸ್ರ್ಯಾ ಅಂದಾರ್ರಿ."

"ಅದು ಯಾವ ಜಾತಿ?"

ವಿನೋದ ಶಶಿಕಲಾ ಮುಖ ನೋಡಿದ. ಸಾಹೇಬರೂ ಅವಳ ಕಡೆ ತಿರುಗಿದರು. "ಮೇಡಂ, ಹಳೇ ಮಾತು ಅಂದಿದ್ರ ಈಗಿಂದೀಗ ಅಟ್ರಾಸಿಟಿ ಕೇಸು ಹಾಕ್ತಿದ್ದೆ. ಈ ಮಾತು ಯಾವ ಕಾಯ್ದೆದಾಗೂ ಇಲ್ಲ, ಯಾವ ಕೋಶದಾಗೂ ಇಲ್ಲ. ಹುಟ್ಟಿಸಿದವ್ರು ನೀವು. ನೀವೇ ಹೇಳ್ರಿ, ಯಾರಿಗೆ ಅನ್ನೋ ಮಾತಿದು?"

ಯಾರಿಗೂ ಅಲ್ಲ ಎಂದರೆ ವಿನೋದನ ದೂರು ಅಲ್ಲೇ ಸಾಯುತ್ತದೆ. ನಮಗೇ ಎಂದರೆ ನಮ್ಮವರಿಗೆ ಹೊಸದೊಂದು ಬೈಗುಳ ಮಾಡಿಕೊಟ್ಟವಳು ತಾನೇ ಆಗುತ್ತಾಳೆ. ಎಲ್ಲರೂ ತಮಗೇ ಅಂದ ಹಾಗೆ ಕೇಳುತ್ತಾರೆಂದು ಮುಕರ್ರಂ ಸರ್‌ಗೆ ಎಷ್ಟು ಧೈರ್ಯದಿಂದ ಹೇಳಿದ್ದಳು! ತಮಗೆ ಎಂದು ಕೇಳಿದವರು ಯಾರೂ ಇರಲಿಲ್ಲ. ಕೂಗುವವನ ಜಾಗದಲ್ಲಿ ನಿಂತೇ ಎಲ್ಲರೂ ಕೇಳಿಸಿಕೊಂಡಿದ್ದರು.

"ನಮ್ಮನ್ನ ನೆನಿಸಿಕೊಂಡೇ ಮಾಡಿದ ಮಾತ್ರಿ ಅದು," ಎಂದಳು. "ನಮ್ಮಪ್ಪನ್ನ ಕರೀತಿದ್ದ ರೀತಿ ನೆನಿಸಿಕೊಂಡು. ಬೈಯೋರಿಗೆ ಅದು ಗೊತ್ತಾಗೇದ. ಅದಕ್ಕ ಹಾಸ್ಟೆಲಿನ ಹುಡುಗರಿಗೇ ಅಂತಾರ, ಬ್ಯಾರೆಯವ್ರಿಗೆ ಅನ್ನಂಗಿಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು. "ಹಿಂಗೇ ಬರಕೊಂಡ್ರ ಅವ್ರ ವಕೀಲ ಮೊದಲು ಬೈದವ್ರು ನೀವೇ ಅಂತಾನ."

"ಬರಕೊಳ್ರಿ."

ವಕೀಲ ಹಾಗೆಯೇ ಅಂದ. ಮಾತು ಲೇಖಕಿಯದು, ದೃಶ್ಯ ನಾಟಕದ್ದು, ಹುಡುಗರು ಆಡಿದ್ದು ಆಟ. ದೂರು ಸಣ್ಣ ಹೊಡೆದಾಟಕ್ಕೆ ಇಳಿಯಿತು. ಹನುಮೇಶ ಪ್ರಿನ್ಸಿಪಾಲರ ಕೋಣೆಯಲ್ಲಿ ಗೋಡೆ ನೋಡುತ್ತ ಕ್ಷಮೆ ಕೇಳಿದ. ಗಲಾಟೆ ಎಬ್ಬಿಸಿದ ನಾಟಕವೆಂದು ಕಾಲೇಜು ಅದನ್ನು ನಿಲ್ಲಿಸಿತು, ಮುಂದಿನ ಸೆಮಿಸ್ಟರಿಗೆ ಶಶಿಕಲಾಳನ್ನು ಕರೆಯಲಿಲ್ಲ. ಮುಕರ್ರಂ ಒಬ್ಬರೇ ಗೇಟಿನ ತನಕ ಬಂದರು. "ಬೈಗುಳ ಬೇಕು ಅಂತ ಕೇಳಿದವ ನಾನು," ಎಂದಷ್ಟೇ ಹೇಳಿ ನಿಂತರು. ಒದ್ದೆ ಪ್ಯಾಂಟಿನ ವಿಡಿಯೋ ಮಾತ್ರ ಯಾರ ಅಪ್ಪಣೆಗೂ ಕಾಯದೆ ತಿರುಗುತ್ತಲೇ ಇತ್ತು.

ವಿನೋದ ಟಿ.ಸಿ. ತೆಗೆದುಕೊಂಡ. ಓದೇ ಬೇಡವೆಂದು ಕುಳಿತವನನ್ನು ಬಸ್ಸಮ್ಮ ಬೈದು, ಅತ್ತು, ಹೊರಡಿಸಿದಳು. ಮಾನ್ವಿಯಲ್ಲಿ ಸೀಟು ಹುಡುಕಿದ್ದು ಶಶಿಕಲಾ. ಸೇರಿಸಲು ಅವಳೇ ಜೊತೆಗೆ ಹೊರಟಳು.

ಬಸ್ಸು ಕಲ್ಲೂರು ದಾಟಿತು. ಕಿಟಕಿಯಾಚೆ ನಾಟಿ ಮುಗಿದ ಗದ್ದೆಗಳು ಒಂದರ ಹಿಂದೊಂದು ಸರಿಯುತ್ತಿದ್ದವು.

"ಮೇಡಂ, ಒಂದು ಕೇಳ್ಲೇನ್ರಿ? ನಾಟಕದಾಗ ತಳದವ್ರು ಮ್ಯಾಲಿನವ್ರಿಗೆ ಏನಂತ ಬೈತಾರ್ರಿ?"

ಅವಳು ಬರೆದಿರಲಿಲ್ಲ. ಇಡೀ ಒಂದು ಗ್ರಹವನ್ನು ಕಟ್ಟಿದ್ದಳು, ಅದಕ್ಕೆ ಎರಡು ಚಂದ್ರರನ್ನು ಇಟ್ಟಿದ್ದಳು, ಗಾಳಿಯ ಯಂತ್ರಕ್ಕೊಂದು ಹೆಸರಿಟ್ಟಿದ್ದಳು. ಇದು ಮಾತ್ರ ಹೊಳೆದೇ ಇರಲಿಲ್ಲ.

"ಗಾಜ್ಯಾ," ಎಂದಳು, ತಡೆದು.

ವಿನೋದ ಮೆಲ್ಲಗೆ ಅಂದು ನೋಡಿದ. "ಹತ್ತಂಗಿಲ್ರಿ ಮೇಡಂ. ಗಾಜು ಅಂದ್ರ ಹೊಳೀತದ. ಅವ್ರಿಗೆ ಖುಷಿನೇ ಆಗ್ತದ."

ಅವಳು ಮತ್ತೊಂದನ್ನು ಕಟ್ಟಿದಳು, ಇನ್ನೊಂದನ್ನು ಕಟ್ಟಿದಳು. ಪ್ರತಿಯೊಂದೂ ಬಾಯಿಂದ ಹೊರಬಿದ್ದ ಕೂಡಲೇ ಬಿರುದಿನ ಹಾಗೆ ಕೇಳಿಸಿತು. 

ಮಾನ್ವಿಯ ಕಾಲೇಜಿನ ಗೇಟಿನಲ್ಲಿ ಬೈಕುಗಳ ಮೇಲೆ ಕುಳಿತಿದ್ದ ಹುಡುಗರು ಇವನನ್ನೇ ದಿಟ್ಟಿಸಿದರು. ಒಬ್ಬ ಫೋನು ತೆಗೆದು ಬೆರಳಾಡಿಸತೊಡಗಿದ.

"ನಾನು ಒಳಗ ಬರ್ಲೇನು?" ಎಂದಳು ಶಶಿಕಲಾ.

"ಬ್ಯಾಡ್ರಿ. ನೀವು ಬಂದ್ರ ಇನ್ನೂ ಗುರ್ತು ಹಿಡೀತಾರ."

ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ಆ ಬೈಕುಗಳ ನಡುವೆ ನಡೆದುಹೋದ. ಅವಳು ರಸ್ತೆಯ ಆಚೆ ಬದಿಗೆ ದಾಟಿ, ಅವನ ಬೆನ್ನು ಕಟ್ಟಡದೊಳಗೆ ಮರೆಯಾಗುವ ತನಕ ನೋಡುತ್ತ ನಿಂತಳು. ಗೇಟಿನಲ್ಲಿ ಯಾರೋ ನಕ್ಕರು. ಏನಂದರೆಂಬುದು ಅಷ್ಟು ದೂರಕ್ಕೆ ಕೇಳಿಸಲಿಲ್ಲ.