ಹೂಂಗುಡುವವಳು

ಮೊರಿತಾ ಸಾನ್ ಎರಡನೇ ಸಲ ಗುಂಡಿ ಒತ್ತಿದಾಗ, ಶವಪೆಟ್ಟಿಗೆಯಲ್ಲಿ ಮಲಗಿದ್ದವಳ ದನಿ ಸಭಾಂಗಣದ ನಾಲ್ಕೂ ಮೂಲೆಗಳಿಂದ ಒಟ್ಟಿಗೆ ಹೊರಟಿತು.

"ಪ್ರಶ್ನೆ ಮೂರು. ಆ ಹೆಂಗಸು ತನ್ನ ತಮ್ಮನನ್ನು ಎಲ್ಲಿ ಭೇಟಿಯಾಗುತ್ತಾಳೆ?"

ತಿದ್ದಿ ತೀಡಿದ ಇಂಗ್ಲಿಷು. ಉತ್ತರ ಗುರುತು ಮಾಡಲೆಂದು ಸಿಡಿಯಲ್ಲಿ ಬಿಟ್ಟಿದ್ದ ಮೌನ ಶುರುವಾಯಿತು. ಕಪ್ಪು ಬಟ್ಟೆಯ ಜನ ತಲೆ ತಗ್ಗಿಸಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ನಡುವಯಸ್ಸಿನ ಒಬ್ಬಾತ, ತನಗೇ ಅರಿವಿಲ್ಲದೆ, "ಬಿ" ಅಂದ. ಅಂದು, ನಾಚಿ, ಕರವಸ್ತ್ರ ತೆಗೆದ.

ಕಾತ್ಯಾಯಿನಿ ಹಂಸಾಳ ಕಡೆ ವಾಲಿದಳು. ಟೋಕಿಯೊದ ಓಜಿಮಾದಲ್ಲಿ ಇಬ್ಬರದೂ ಒಂದೇ ಮಹಡಿ, ಎದುರುಬದುರು ಬಾಗಿಲು.

"ಇದು ನಮ್ಮ ಕಿರಣನ ಸ್ಕೂಲ್ ಸಿಡಿ ಅಲ್ವೇನೇ? ಲಿಸನಿಂಗ್ ಟೆಸ್ಟ್‌ದು?"

"ಹೂಂ, ಅದೇ. ಬೇರೆ ರೆಕಾರ್ಡಿಂಗೇ ಇಲ್ಲ ಕಣೇ. ಮೊರಿತಾ ಸಾನ್ ಊರೆಲ್ಲ ಹುಡುಕಿ ಇದನ್ನ ತಂದಿದಾರೆ."

"ಪಾಪ. ಕೊನೇ ದಿವ್ಸಾನೂ ಎಲ್ರಿಗೂ ಪರೀಕ್ಷೆ ಮಾಡ್ತಿದಾರೆ ಆಂಟಿ." ಕಾತ್ಯಾಯಿನಿ ಮೂಗು ಒರೆಸಿಕೊಂಡಳು. "ಬಿಳಿ ಉಟ್ಕೋಬೇಡ ಅಂತ ನಂಗೆ ಅಷ್ಟು ಹೇಳ್ದೆ. ಅಲ್ಲಿ ನೋಡು."

ಮೊದಲ ಸಾಲಿನಲ್ಲಿ ಒಬ್ಬಳೇ ಕೂತಿದ್ದ ಎತ್ತರದ ಹೆಂಗಸು ಟೋಪಿಯಿಂದ ಪಾದದವರೆಗೆ ಬಿಳಿ ತೊಟ್ಟಿದ್ದಳು. ಡಾನೆಲ್. ತೀರಿಕೊಂಡ ವರ್ನೀಟಾ ಹೋಲ್ಟ್‌ಳ ಅಕ್ಕನ ಮಗಳು. ಹಿಂದಿನ ಸಂಜೆ ಅಲಬಾಮಾದಿಂದ ಬಂದಿಳಿದಿದ್ದಳು. ಟೋಕಿಯೊದಲ್ಲಿ ದಹನಕ್ಕೆ ಸರದಿ ಸಿಗುವುದು ವಾರ ತಡ. ಹಾಗಾಗಿಯೇ ಅವಳಿಗೆ ಚಿಕ್ಕಮ್ಮನ ಮುಖ ನೋಡಲು ಸಿಕ್ಕಿತು.

"ಅವ್ರ ಕಡೆ ಮನೆಯವ್ರು ಬಿಳೀನೇ ಹಾಕೋದಂತೆ."

"ನಮ್ ಕಡೇನೂ ಬಿಳೀನೇ ಅಲ್ವಾ? ನಾನು ಈ ಕಪ್ಪು ಚೂಡಿದಾರದ ಜರಿ ಅಂಚು ಕಾಣ್ದಿರ್ಲಿ ಅಂತ ಒಳಗೆ ಮಡಚಿ ಪಿನ್ ಹಾಕಿದೀನಿ. ಉಸಿರಾಡಿದ್ರೆ ಚುಚ್ಚತ್ತೆ."

"ಪ್ರಶ್ನೆ ನಾಲ್ಕು," ಎಂದಿತು ದನಿ.

ಡಾನೆಲ್ ಎದ್ದು ನಿಂತಳು. ಮೊರಿತಾ ಸಾನ್ ಕಡೆ ಕೈ ಎತ್ತಿ, ಸಾಕು ಎಂಬಂತೆ ತಲೆ ಅಲ್ಲಾಡಿಸಿದಳು. ಆಮೇಲೆ ತಿರುಗಿ ಒಂದೊಂದೇ ಮುಖ ನೋಡುತ್ತ ಬಂದು ಹಂಸಾಳ ಮುಂದೆ ನಿಂತಳು.

"ನೀಟಾ ಆಂಟಿ ಹೇಳ್ತಿದ್ದ ಹಂಸಾ ನೀವೇ ಇರಬೇಕು. ಒಂದು ನಿಮಿಷ ಹೊರಗೆ ಬರ್ತೀರಾ?"

* * *

ಏಳು ವರ್ಷದ ಹಿಂದಿನ ಒಂದು ಶನಿವಾರ ಕಾತ್ಯಾಯಿನಿಗೆ ಜ್ವರ. ಅವಳ ಮಗ ಕಿರಣನನ್ನು ವಸತಿ ಸಮುಚ್ಚಯದ ಸಮುದಾಯ ಭವನಕ್ಕೆ ಕರೆದುಕೊಂಡು ಹೋದವಳು ಹಂಸಾ. ಅವಳು ಜಪಾನಿಗೆ ಬಂದು ಆಗ ಒಂದು ತಿಂಗಳೂ ತುಂಬಿರಲಿಲ್ಲ.

ಮಕ್ಕಳಿಗೆ ಇಂಗ್ಲಿಷ್ ಕತೆ ಹೇಳಲು ಬಂದಿದ್ದ ಕಪ್ಪು ಹೆಂಗಸು ಚಪ್ಪಲಿ ಬಿಚ್ಚಿ, ಬರಿಗಾಲಲ್ಲಿ ನೆಲದ ಮೇಲೆ ಕೂತಿದ್ದಳು. ಕತೆ ಒಂದು ಆಮೆಯದು. ಮಕ್ಕಳು ಸಾಲಾಗಿ ಮಂಡಿಯೂರಿದ್ದರು. ತಾಯಂದಿರು ಗೋಡೆಯ ಪಕ್ಕ. ಉಸಿರಿನ ಸದ್ದೂ ಇರಲಿಲ್ಲ.

ಹೇಳುವವಳು ಸಟ್ಟನೆ ನಿಲ್ಲಿಸಿದಳು.

"ಆ ಸದ್ದು ಯಾರದು?"

ಹಂಸಾಳ ಕಿವಿ ಬಿಸಿಯಾಯಿತು. "ಸುಮಿಮಾಸೆನ್," ಅಂದಳು. ಕ್ಷಮಿಸಿ ಎಂಬ ಅದೊಂದೇ ಜಪಾನಿ ಮಾತು ಆಗ ಅವಳಿಗೆ ಗೊತ್ತಿದ್ದುದು.

"ತಪ್ಪು ಅನ್ನಲಿಲ್ಲ. ಏನದು, ಅಂತ ಕೇಳಿದೆ."

"ಹೂಂ. ನಮ್ಮಲ್ಲಿ ಕತೆ ಹೇಳುವಾಗ ಯಾರಾದರೂ ಹೂಂಗುಡ್ತಾ ಇರಬೇಕು. ಇಲ್ಲದಿದ್ರೆ ಹೇಳೋರು ನಿಲ್ಲಿಸಿಬಿಡ್ತಾರೆ. ಅಭ್ಯಾಸ. ಬಾಯಿಗೆ ಬಂದುಬಿಡ್ತು."

ವರ್ನೀಟಾ ನಕ್ಕಳು. ಆ ನಗುವಿಗೆ ಒಂದು ಮಗು ಬೆಚ್ಚಿತು. "ನಮ್ಮ ಚರ್ಚಿನಲ್ಲಿ ಹಾಗೆ ಸುಮ್ಮನೆ ಕೂತರೆ ಪಾದ್ರಿ ಕೆಳಗಿಳಿದು ಬಂದು ಮೈ ಹುಷಾರಿಲ್ಲವಾ ಅಂತ ಕೇಳ್ತಾನೆ. ಈ ಊರಿನವರು ಮಾತಿಗೆ ಕೂತರೆ ಹೆಜ್ಜೆಹೆಜ್ಜೆಗೂ ಹಾಯ್, ಹಾಯ್, ಅಂದ್ರೆ ಹೌದು ಹೌದು, ಅಂತಾರೆ. ನಾಟಕಕ್ಕೆ ಟಿಕೆಟ್ ತಗೊಂಡು ಕೂತರೆ ಮುಗೀತು, ತುಟಿ ಬಿಚ್ಚಲ್ಲ. ಇಷ್ಟು ವರ್ಷ ಗೋಡೆಗೆ ಕತೆ ಹೇಳಿದೀನಿ, ತಾಯಿ. ಭಾನುವಾರ ಏನು ಕೆಲಸ ನಿಮಗೆ?"

ಹಾಗೆ ಹಂಸಾ ವರ್ನೀಟಾಳ ಭಾನುವಾರದ ನಾಟಕಗಳ ಎರಡನೇ ಸಾಲಿಗೆ ಬಂದಳು.

ಇಪ್ಪತ್ತೇಳನೇ ವಯಸ್ಸಿನಲ್ಲಿ ಒಂದು ಸಂಗೀತ ತಂಡದೊಂದಿಗೆ ಬಂದಿದ್ದ ವರ್ನೀಟಾ ತಂಡ ಹೊರಟಾಗ ಹೊರಡಲಿಲ್ಲ. ಸೋಮವಾರದಿಂದ ಶುಕ್ರವಾರ ಸ್ಟುಡಿಯೊಗಳಲ್ಲಿ ಕೂತು ಪರೀಕ್ಷೆಯ ಪ್ರಶ್ನೆಗಳನ್ನು ಓದುತ್ತಿದ್ದಳು. ಅವಳ ದನಿ ಕೇಳದೆ ಹೈಸ್ಕೂಲು ದಾಟಿದವರು ಆ ಊರಿನಲ್ಲಿ ಕಡಿಮೆ. ಆ ದನಿ ಯಾರದೆಂದು ತಿಳಿದವರು ಇನ್ನೂ ಕಡಿಮೆ. ಉಳಿದ ಹೊತ್ತು ತನ್ನ ನಾಟಕಗಳನ್ನು ಬರೆದಳು. ಎಲ್ಲವೂ ಒಬ್ಬಳೇ ಆಡುವಂಥವು. ಸಿಂಪಿಯ ಚಿಪ್ಪು ಬಿಡಿಸುವ ಕಾರ್ಖಾನೆಯ ಹೆಂಗಸರ ಮೇಲೆ ಒಂದು, ಸೇನಾ ಶಿಬಿರದ ಅಡುಗೆಯವನನ್ನು ನಂಬಿ ಯೊಕೊಹಾಮಾಕ್ಕೆ ಬಂದ ಹುಡುಗಿಯ ಮೇಲೆ ಒಂದು. ಮೊರಿತಾ ಸಾನ್ ತನ್ನ ಕಾಫಿ ಅಂಗಡಿಯ ನೆಲಮಾಳಿಗೆಯಲ್ಲಿ ಕುರ್ಚಿ ಹಾಕಿಸಿ, ಪ್ರತಿ ಶರತ್ಕಾಲದ ಭಾನುವಾರಗಳಲ್ಲಿ ಬಾಗಿಲಲ್ಲಿ ತಾವೇ ಟಿಕೆಟ್ ಹರಿಯುತ್ತಿದ್ದರು.

ಹಂಸಾಳ ಕೆಲಸ ಮರೆತ ಮಾತು ನೆನಪಿಸುವುದು, ಮತ್ತು ಹೂಂಗುಡುವುದು. ಕ್ರಮೇಣ ಅಕ್ಕಪಕ್ಕದವರೂ ಅವಳ ಹಿಂದೆ ಸಣ್ಣಗೆ ಗುನುಗತೊಡಗಿದರು.

ರೆಕಾರ್ಡ್ ಮಾಡೋಣವೇ ಎಂದು ಮೊರಿತಾ ಸಾನ್ ವರ್ಷಕ್ಕೊಮ್ಮೆ ಕೇಳುತ್ತಿದ್ದರು. ವರ್ನೀಟಾ ಒಪ್ಪಲಿಲ್ಲ.

"ವಾರದ ದನಿ ಮಾರಿಯಾಗಿದೆ," ಅನ್ನುತ್ತಿದ್ದಳು. "ಭಾನುವಾರದ್ದು ಬಂದವರಿಗೆ ಮಾತ್ರ."

* * *

ಹೊರಗೆ ಮೊಗಸಾಲೆಯಲ್ಲಿ ಹಸಿರು ಚಹಾದ ಯಂತ್ರ ಗುಯ್‌ಗುಡುತ್ತಿತ್ತು. ಡಾನೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದಳು. ಹತ್ತಿರದಿಂದ ನೋಡಿದರೆ ಕಣ್ಣು ಚಿಕ್ಕಮ್ಮನದೇ.

"ನಮ್ಮಮ್ಮನಿಗೆ ವಿಮಾನ ಹತ್ತೋಕೆ ಡಾಕ್ಟರು ಬಿಡಲಿಲ್ಲ. ಮನೇಲಿ ಫೋನ್ ಪಕ್ಕ ಕೂತಿರ್ತಾರೆ. ನಾನು ಚಿಕ್ಕವಳಿದ್ದಾಗಿಂದ ಅವರದು ಒಂದೇ ಮಾತು. ಅವಳು ಅಲ್ಲಿ ಅಷ್ಟು ದೂರ ಹೋಗಿ ಮಾಡೋದಾದ್ರೂ ಏನು? ವಾಪಸ್ ಹೋಗಿ ನಾನೇನು ಹೇಳಲಿ? ಪ್ರಶ್ನೆ ಮೂರು, ಅಂತಲಾ?"

"ಎರಡು ನಾಟಕ ಪುಸ್ತಕ ಆಗಿವೆ. ಮೊರಿತಾ ಸಾನ್ ಹತ್ರ ಇವೆ."

"ಅವನ್ನು ನಮಗೆ ಕಳಿಸಿದ್ದರು. ವಿಮಾನದಲ್ಲಿ ಓದಿದೆ. ಓದುವಾಗ ನನ್ನ ದನಿಯೇ ಕೇಳಿಸ್ತಿತ್ತು, ಅವರದಲ್ಲ." ಅವಳು ಟೋಪಿಯ ಅಂಚನ್ನು ತಿರುಗಿಸಿದಳು. "ಈ ವರ್ಷ ಹೊಸದೊಂದು ಇತ್ತಂತೆ. ನಮ್ಮ ಮುತ್ತಜ್ಜಿ ಓರಾ ಹೇಳ್ತಿದ್ದ ಕತೆ."

"ಇತ್ತು. ಅದನ್ನ ಬರೆದಿಟ್ಟಿಲ್ಲ. ಮೊದಲ ಪ್ರದರ್ಶನ ಮುಗಿದ ಮೇಲೇ ಕಾಗದಕ್ಕೆ ಇಳಿಸೋದು ಅವರ ಪದ್ಧತಿ."

"ಯಾರೂ ಕೇಳಿಲ್ಲವಾ ಹಾಗಾದ್ರೆ?"

ಹಂಸಾ ಯಂತ್ರದ ಕಡೆ ನೋಡಿದಳು. "ನಾನು ಕೇಳಿದೀನಿ."

"ನಿಮಗೆ ಗೊತ್ತಿದೆಯಾ? ಪೂರ್ತಿ?"

"ಗೊತ್ತಿದೆ. ಆದ್ರೆ ನಾನು ಕತೆ ಹೇಳೋಳಲ್ಲ, ಡಾನೆಲ್. ಮಿನಾಟೋದಲ್ಲಿ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ತೀನಿ. ಭಾನುವಾರ ಕತ್ತಲಲ್ಲಿ ಕೂರ್ತಿದ್ದೆ, ಅಷ್ಟೇ."

"ದಹನದ ಒಲೆಯ ಸರದಿಗೆ ಇನ್ನೂ ಅರ್ಧ ಗಂಟೆ ಇದೆ ಅಂದ್ರು. ಅಲ್ಲೀವರೆಗೂ ಆಂಟಿ ಇಲ್ಲೇ ಇರ್ತಾರೆ."

ಡಾನೆಲ್ ಬಲವಂತ ಮಾಡದೆ, ಟೋಪಿ ಇಟ್ಟುಕೊಂಡು ಒಳಗೆ ಹೋದಳು. ಬಾಗಿಲ ಹತ್ತಿರವೇ ನಿಂತಿದ್ದ ಕಾತ್ಯಾಯಿನಿ ಮುಂದೆ ಬಂದಳು.

"ಕೇಳಿಸ್ಕೊಂಡೆ. ಬೈಕೋ ಬೇಕಾದ್ರೆ."

"ನನ್ ಕೈಲಿ ಆಗಲ್ಲ ಕಣೇ. ಅಷ್ಟು ಜನದ ಮುಂದೆ."

"ಆಗಲ್ಲ ಅಂದ್ರೆ ಬಿಡು. ಆದ್ರೆ ಒಂದು ಹೇಳ್ಲಾ? ಮಧುಕರ್ ಹೋದ ಮೇಲೆ ನಾವೆಲ್ಲ ನಿನ್ನ ಮನೇಗೆ ಬಂದು ಮಾತಾಡ್ದೋರೇ. ನಾನು, ಅಸೋಸಿಯೇಶನ್ನವ್ರು, ಫೋನಲ್ಲಿ ನಿಮ್ಮತ್ತೆ. ನಿನ್ ಬಾಯಿಂದ ಒಂದು ಶಬ್ದ ಹೊರಡ್ಸಿದ್ದು ಯಾರು?"

* * *

ಹಂಸಾಳ ಗಂಡ ಮಧುಕರ್ ತೀರಿಹೋದದ್ದು ಹಿಂದಿನ ವರ್ಷದ ಚಳಿಗಾಲದಲ್ಲಿ. ಮೂವತ್ತೈದಾಗಿತ್ತು. ಉರಯಾಸುವಿನ ಕ್ಲೈಂಟ್ ಆಫೀಸಿನಲ್ಲಿ, ಮಧ್ಯಾಹ್ನದ ಮೀಟಿಂಗಿನ ನಡುವೆ. ಹಂಸಾ ಮೈಸೂರಿಗೆ ಹೋಗಿ ಬಂದಳು. ಬಂದವಳು ಅಡುಗೆ ಮಾಡಿದಳು, ಆಫೀಸಿಗೆ ಹೋದಳು, ಬಟ್ಟೆ ಒಗೆದಳು. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು. ದನಿ ಹೊರಡುತ್ತಿರಲಿಲ್ಲ.

ಒಂದು ಸಂಜೆ ವರ್ನೀಟಾ ಬಂದಳು. ಸಾಂತ್ವನ ಹೇಳಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೊಸ ನಾಟಕದ ಮೊದಲ ಮಾತುಗಳನ್ನು ಹೇಳಿದಳು. ದೋಣಿ ದಡ ಬಿಡುವಲ್ಲಿಗೆ ನಿಲ್ಲಿಸಿದಳು. ಹಂಸಾ ಪಾತ್ರೆ ತೊಳೆಯುತ್ತಿದ್ದಳು. ವರ್ನೀಟಾ ಸ್ವಲ್ಪ ಹೊತ್ತು ಕಾದು, ಕೋಟು ಹಾಕಿಕೊಂಡು ಹೊರಟುಹೋದಳು.

ಮರುದಿನವೂ ಬಂದಳು. ಅದೇ ಸ್ಟೂಲು, ಅದೇ ಮಾತುಗಳು. ಅದೇ ಜಾಗದಲ್ಲಿ ನಿಲ್ಲಿಸಿ ಕಾದಳು. ಅದರ ಮರುದಿನವೂ. ದೋಣಿ ದಡ ಬಿಡಲೇ ಇಲ್ಲ. ಕೆಲವು ಸಂಜೆ ಅವಳ ದನಿ ದಣಿದಿರುತ್ತಿತ್ತು. ಹಗಲೆಲ್ಲ ಪ್ರಶ್ನೆ ಓದಿ ಬಂದ ದನಿ.

ಎಷ್ಟನೆಯ ಸಂಜೆಯೋ. ಹಂಸಾ ಬೆನ್ನು ತಿರುಗಿಸಿ ನಿಂತು ಲೋಟವೊಂದನ್ನು ಉಜ್ಜುತ್ತಿದ್ದಳು. ಹಿಂದೆ ಮಾತು ನಿಂತಿತು. ನಲ್ಲಿಯ ನೀರು ಹರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಿದಳು.

"ಹೂಂ," ಅಂದಳು.

ವರ್ನೀಟಾ ಏನೂ ಆಗದವಳಂತೆ ಮುಂದಿನ ಮಾತಿಗೆ ಹೋದಳು.

* * *

ಹಂಸಾ ಪೆಟ್ಟಿಗೆಯ ಪಕ್ಕದಲ್ಲಿ ನಿಂತಳು. ಮೊರಿತಾ ಸಾನ್ ತಂದಿಟ್ಟ ಕುರ್ಚಿಯಲ್ಲಿ ಕೂತಳು. ಪೆಟ್ಟಿಗೆಯೊಳಗೆ ಹೂಗಳ ನಡುವೆ ವರ್ನೀಟಾಳ ಮುಖ ಎಂದಿಗಿಂತ ಚಿಕ್ಕದಾಗಿ ಕಂಡಿತು. ವರ್ನೀಟಾಳ ಮಾತುಗಳನ್ನೇ ಶುರುಮಾಡಿದಳು, ಇಂಗ್ಲಿಷಿನಲ್ಲಿ, ತನ್ನ ಮೈಸೂರಿನ ಉಚ್ಚಾರದಲ್ಲೇ.

"ಅಜ್ಜಿ ಓರಾ ಮೆಟ್ಟಿಲ ಮೇಲೆ ಕೂತು, ಮೊಣಕಾಲುಗಳ ನಡುವೆ ನನ್ನನ್ನು ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಜಡೆ ಮುಗಿಯುವವರೆಗೆ ಕತೆ. ಕೇಳುತ್ತಿದ್ದೀಯಾ, ಅನ್ನುವಳು. ನಾನು ಉತ್ತರ ಕೊಡದಿದ್ದರೆ ಜಡೆ ಹಿಡಿದು ಜಗ್ಗುವಳು. ತಲೆ ಹಿಂದಕ್ಕೆ ಬಾಗಿ ನನಗೆ ಆಕಾಶ ಕಾಣುತ್ತಿತ್ತು.

"ಅಜ್ಜಿಯ ತಾಯಿ ನದಿಯಾಚೆಯ ಮನೆಗಳಿಗೆ ಕೆಲಸಕ್ಕೆ ಹೋಗುವವಳು. ದೊಡ್ಡ ದೋಣಿ. ಒಂದು ಬದಿ ಬಿಳಿಯರಿಗೆ, ಬೆಂಚು ಸಮೇತ. ಇನ್ನೊಂದು ಬದಿ ಹೇಸರಗತ್ತೆಗಳಿಗೂ ನಮಗೂ. ದೋಣಿ ದಡ ಬಿಟ್ಟಿತು."

ನಿಲ್ಲಿಸಿದಳು. ಇಲ್ಲಿ ನಿಲ್ಲಿಸಬೇಕು. ಇಲ್ಲಿ ಹೂಂ ಬರಬೇಕು.

ಯಾರೂ ಏನೂ ಅನ್ನಲಿಲ್ಲ. ಹೂಂಗುಡುವವಳು ಇಲ್ಲಿ ಕುರ್ಚಿಯಲ್ಲಿದ್ದಳು. ಕಾತ್ಯಾಯಿನಿ ಬಾಯಿ ತೆರೆದು, ಅಕ್ಕಪಕ್ಕದ ತಗ್ಗಿದ ತಲೆಗಳನ್ನು ಕಂಡು ಮುಚ್ಚಿದಳು. ಮೊರಿತಾ ಸಾನ್ ಕಣ್ಣು ಮುಚ್ಚಿ ಕೂತಿದ್ದರು. ಮುಂದಿನ ಮಾತು ಹಂಸಾಳಿಗೆ ಗೊತ್ತಿತ್ತು. ಅದು ನಾಲಗೆಯ ಮೇಲೆಯೇ ಇತ್ತು, ಇಳಿಯಲಿಲ್ಲ. ಅವಳು ಎರಡೂ ಕೈಗಳಿಂದ ಕುರ್ಚಿಯ ಅಂಚು ಹಿಡಿದಳು. ಏಳುವುದೇ ಸರಿ ಅನ್ನಿಸಿತು.

ಡಾನೆಲ್‌ಳ ಕೈ ನಿಧಾನವಾಗಿ ಮೇಲೆ ಹೋಯಿತು. ತಲೆಯ ಹಿಂದೆ, ಜಡೆ ಶುರುವಾಗುವಲ್ಲಿ ಬೆರಳಿಟ್ಟುಕೊಂಡಳು. ಅವಳ ಗದ್ದ ಚೂರು ಮೇಲೆದ್ದಿತು.

"ಯೆಸ್, ಮ್ಯಾಮ್," ಅಂದಳು.

ಹಂಸಾ ಕುರ್ಚಿಯ ಅಂಚು ಬಿಟ್ಟಳು.

"ಆ ಬದಿಯಲ್ಲಿ ಮಾತಾಡಲು ಹೇಸರಗತ್ತೆ ಬಿಟ್ಟರೆ ಯಾರೂ ಇಲ್ಲ. ಅವಳು ಅದಕ್ಕೇ ಕತೆ ಹೇಳಿದಳು. ದಿನಾ. ಯಜಮಾನಿಯ ಕತೆ, ಯಜಮಾನಿಯ ತಂಗಿಯ ಕತೆ. ಆ ಊರಿನಲ್ಲಿ ಅವಳ ಮಾತಿಗೆ ಕಿವಿ ಅಲ್ಲಾಡಿಸಿದ ಮೊದಲ ಪ್ರಾಣಿ ಅದು."

ಯಾರೋ ನಕ್ಕರು. "ಹಾಯ್," ಅಂದರು ಮೊರಿತಾ ಸಾನ್, ಕಣ್ಣು ತೆರೆಯದೆ.

"ಹೂಂ," ಅಂದಳು ಕಾತ್ಯಾಯಿನಿ, ಬೇಕಾದ್ದಕ್ಕಿಂತ ಜೋರಾಗಿ.

"ಒಂದು ದಿನ ಕತೆ ಉದ್ದವಾಯಿತು. ದಡ ಬಂದೇಬಿಟ್ಟಿತು. ಹಲಗೆ ಹಾಕಿದರು. ಬಿಳಿಯರು ಇಳಿದರು. ಹೇಸರಗತ್ತೆ ಇಳಿಯಲಿಲ್ಲ. ಅಂಬಿಗ ಹಗ್ಗ ಹಿಡಿದು ಎಳೆದ. ನಾಲ್ಕು ಕಾಲೂ ಊರಿ ನಿಂತಿತು."

"ಯೆಸ್, ಮ್ಯಾಮ್."

ಆಗ ಸಭಾಂಗಣದ ಬಾಗಿಲು ತೆರೆಯಿತು. ಬಿಳಿ ಕೈಗವಸಿನ ಸಿಬ್ಬಂದಿಯೊಬ್ಬರು ನಿಂತಿದ್ದರು. ನಡು ಬಗ್ಗಿಸಿ ನಮಸ್ಕರಿಸಿ, ಸಮಯವಾಯಿತೆಂದು ಹೇಳಲು ಬಾಯಿ ತೆರೆದರು. ಹಂಸಾ ಅವರನ್ನು ನೋಡಿದಳು. ನೋಡಿಯೂ ನಿಲ್ಲಿಸಲಿಲ್ಲ.

"ಅಂಬಿಗ ಕೂಗಾಡಿದ. ದಡದಲ್ಲಿ ಜನ ಸೇರಿದರು. ಅವಳು ಅಂಬಿಗನಿಗೆ ಹೇಳಿದಳು: ನಾನೇನು ಮಾಡಲಿ ಸ್ವಾಮಿ, ಅದಕ್ಕೆ ಕತೆಯ ಕೊನೆ ಬೇಕಂತೆ."

ಸಿಬ್ಬಂದಿಯ ಕೈ ಗಡಿಯಾರದ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ಅವರು ಒಂದು ಹೆಜ್ಜೆ ಒಳಗೆ ಬಂದರು. ಹಿಂದೆ ತಿರುಗಿ, ಎರಡೂ ಬಿಳಿ ಕೈಗಳಿಂದ ಹಿಡಿಯನ್ನು ಹಿಡಿದು, ಅಗುಳಿಯ ಸದ್ದಾಗದಂತೆ ಬಾಗಿಲನ್ನು ಒಳಗಿನಿಂದ ಮುಚ್ಚಿದರು.