ಹಾರೋಹಳ್ಳಿಯ ಸೀಲು

ರಿಪೇರಿ ಮಾಡಿ ಕಳಿಸಿದ್ದ ಯಂತ್ರ ಎರಡೇ ತಿಂಗಳಿಗೆ ಮಂಗಳೂರಿನಿಂದ ಹಾರೋಹಳ್ಳಿಯ ಕಾರ್ಖಾನೆಗೆ ವಾಪಸ್ಸು ಬಂದಾಗ, ಅಲ್ಲಿ ರಿಪೇರಿ, ಟೆಸ್ಟಿಂಗು ನೋಡಿಕೊಳ್ಳುವ ಭಾನುಪ್ರಿಯಳಿಗೆ ಮೊದಲು ತನ್ನ ಕೈಕೆಲಸದ ಮೇಲೇ ಅನುಮಾನ ಹುಟ್ಟಿತು. ಅದು ಒಂದು ಸರಕು ಹಡಗಿನ ಯಂತ್ರ. ಎಂಜಿನ್ನಿನಿಂದ ಸೋರಿ ಹಡಗಿನ ತಳದಲ್ಲಿ ನಿಲ್ಲುವ ಎಣ್ಣೆನೀರನ್ನು ಫಿಲ್ಟರಿನಲ್ಲಿ ಸೋಸಿದ ಮೇಲೆಯೇ ಸಮುದ್ರಕ್ಕೆ ಬಿಡಬೇಕೆಂದು ಕಾನೂನಿದೆ. ಸೋಸಿದ ನೀರಿನಲ್ಲೂ ಎಣ್ಣೆಯ ಅಂಶ ಹೆಚ್ಚಿದ್ದರೆ ಈ ಯಂತ್ರ ಕೂಗಿಕೊಳ್ಳುತ್ತದೆ. ಕೂಗಿ, ಹೊರಗಿನ ದಾರಿಯನ್ನು ಮುಚ್ಚಿ, ನೀರನ್ನು ಮತ್ತೆ ಎಣ್ಣೆನೀರಿನ ಟ್ಯಾಂಕಿಗೇ ಅಟ್ಟುತ್ತದೆ.

ಅವಳು ಅದಕ್ಕೆ ಶುದ್ಧ ನೀರು ಹಾಯಿಸಿದಳು. ಸದ್ದಿಲ್ಲ. ನಾಲ್ಕು ಹನಿ ಎಣ್ಣೆ ಬೆರೆಸಿ ಹಾಯಿಸಿದಳು. ಕೆಂಪು ದೀಪ ಹತ್ತಿ, ಯಂತ್ರ ಕಿವಿ ಕಿತ್ತುಹೋಗುವಂತೆ ಅರಚಿಕೊಂಡಿತು. ಅದರಲ್ಲಿ ಏನೂ ಕೆಟ್ಟಿರಲಿಲ್ಲ.

ಕಾರ್ಖಾನೆಯ ಮಾಲೀಕ ಮಕ್ಬೂಲ್ ಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಚನ್ನಪಟ್ಟಣದ ಬೊಂಬೆ ಕೆತ್ತುವವರ ಮನೆತನ ಅವರದು. ಮರ ಬಿಟ್ಟು ಹಿತ್ತಾಳೆಗೆ, ಹಿತ್ತಾಳೆಯಿಂದ ಹಡಗಿನ ಸಾಮಾನಿಗೆ ಬಂದು, ಹನ್ನೊಂದು ಜನರ ಈ ಪುಟ್ಟ ಕಾರ್ಖಾನೆ ಕಟ್ಟಿದ್ದರು.

"ಹಡಗಿನ ಏಜೆಂಟು ಫೋನ್ ಮಾಡಿದ್ದ, ಬೇಟಿ. ಬಾಳ ಕೂಗ್ತೈತಂತೆ. ಒಸಿ ಕಮ್ಮಿ ಮಾಡಿ ಕಳಿಸ್ಬುಡು ಅಂದ."

"ಕೂಗೋದೇ ಅದ್ರ ಕೆಲ್ಸ, ಸಾಹೇಬ್ರೇ. ಅವ್ರ ಫಿಲ್ಟ್ರು ಸತ್ತೋಗೈತೆ. ಅದನ್ನ ಬದ್ಲಾಯಿಸ್ಬೇಕು."

"ಹತ್ತು ಮಿಷನ್ನಿನ ಆರ್ಡರ್ ಅವನ ಕೈಲೈತೆ," ಎಂದರು ಸಾಹೇಬರು ಮೆಲ್ಲಗೆ. ಹೇಳಿ, ತಾವೇ ಅತ್ತ ತಿರುಗಿಕೊಂಡರು.

ಭಾನುಪ್ರಿಯಳಿಗೆ ಅಪ್ಪನ ರೇಷ್ಮೆಹುಳುಗಳು ನೆನಪಾದವು. ಕನಕಪುರದ ಕಡೆಯ ಅವಳ ಊರಲ್ಲಿ ಒಂದು ವರ್ಷ ಹೊಳೆಯ ನೀರು ಬಣ್ಣಗೆಟ್ಟಿತ್ತು. ಮೇಲಿನ ಯಾವುದೋ ಕಾರ್ಖಾನೆ ಬಿಟ್ಟ ನೀರು. ಅದನ್ನು ಹಾಯಿಸಿದ ತೋಟದ ಹಿಪ್ಪುನೇರಳೆ ಸೊಪ್ಪು ತಿಂದ ಹುಳುಗಳು ಗೂಡು ಕಟ್ಟದೆ ಬಿದಿರಿನ ಚಂದ್ರಂಕಿ ತಟ್ಟೆಯಲ್ಲೇ ಕಪ್ಪಾಗಿ ಉದುರಿದ್ದವು. ಅಪ್ಪ ಕರಿಯಪ್ಪ ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿಕೊಂಡು ಆ ಕಾರ್ಖಾನೆಯ ಗೇಟಿಗೆ ಹೋದರೆ, ಒಳಗಿನವರು ನೀರಿನ ಶುದ್ಧತೆ ಅಳೆಯುವ ಮೀಟರ್ ತೋರಿಸಿ, "ನೋಡು ಗೌಡ, ನೀರು ಸರಿಯಾಗೈತೆ" ಎಂದು ಕಳಿಸಿದ್ದರು. ಡಿಪ್ಲೊಮಾ ಓದುವಾಗಲೆಲ್ಲ ಅವಳಿಗೆ ಆ ಮೀಟರ್ ಮೇಲೆಯೇ ಸಿಟ್ಟಿತ್ತು. ಅದನ್ನು ಸುಳ್ಳು ಹೇಳುವಂತೆ ಮಾಡಿದವರು ಯಾರೋ ಇದ್ದರಲ್ಲ ಎಂಬುದು ಹೊಳೆದದ್ದು ಕೆಲಸಕ್ಕೆ ಸೇರಿದ ಮೇಲೆ.

ಅವಳು ಯಂತ್ರದ ಮುಚ್ಚಳಕ್ಕೆ ಕಾರ್ಖಾನೆಯ ಸೀಸದ ಸೀಲು ಒತ್ತಿದಳು. ಒಳಗೆ ಏನನ್ನೂ ಮುಟ್ಟಲಿಲ್ಲ.

ಎರಡು ದಿನ ಬಿಟ್ಟು ಏಜೆಂಟು ತಾನೇ ಕಾರಿನಲ್ಲಿ ಬಂದ. ನಯವಾದ ಮಾತಿನವನು. ಅವನ ಎದುರಿಗೇ ಅವಳು ಯಂತ್ರಕ್ಕೆ ಮತ್ತೊಮ್ಮೆ ನೀರು ಹಾಯಿಸಿ ತೋರಿಸಿದಳು.

"ಸರಿ ಉಂಟು ಮಾರಾಯ್ತಿ, ನಾನು ಇಲ್ಲ ಅಂದೆನಾ?" ಎಂದ ಅವನು. "ಫಿಲ್ಟರ್ ಬದಲಾಯಿಸಲಿಕ್ಕೆ ಹಡಗು ನಿಲ್ಲಿಸಬೇಕು. ಅಷ್ಟು ದೊಡ್ಡ ಸಮುದ್ರ, ಎರಡು ಬಕೆಟ್ ಎಣ್ಣೆಯಿಂದ ಏನಾಗ್ತದೆ? ನಿಮ್ಮ ಹಾರೋಹಳ್ಳಿಗಂತೂ ಆ ನೀರು ಬರೂದಿಲ್ಲ."

"ಯಾರ್ದೋ ಊರಿಗೆ ಬತ್ತದಲ್ಲ, ಸಾರ್. ಫಿಲ್ಟ್ರು ತರಿಸಿ, ನಾನೇ ಬಂದು ಕೂರಿಸಿ ಕೊಡ್ತೀನಿ. ಸೀಲು ಮಾತ್ರ ಬಿಚ್ಚಲ್ಲ."

ಏಜೆಂಟು ಸಾಹೇಬರ ಕಡೆ ನೋಡಿದ. ಸಾಹೇಬರು ಗಡ್ಡ ನೀವಿಕೊಂಡರು. ಮೂಲೆಯ ಲೇತಿನಲ್ಲಿ ಹಿತ್ತಾಳೆ ಕಡೆಯುತ್ತಿದ್ದ ಕೆಲಸಗಾರ ಗೌಸ್ ಕೂಡ ಅದನ್ನು ನಿಲ್ಲಿಸಿ ಕಿವಿಗೊಟ್ಟ. ಕೊನೆಗೆ ಸಾಹೇಬರು, "ಟೆಸ್ಟಿಂಗು ಅವಳ್ದು. ಅದ್ರಲ್ಲಿ ನನ್ ಮಾತು ನಡೆಯಲ್ಲ" ಎಂದರು.

ಏಜೆಂಟು ಯಂತ್ರವನ್ನು ಡಿಕ್ಕಿಯಲ್ಲಿಟ್ಟುಕೊಂಡು, ಚಹಾ ಕುಡಿಯದೆ ಹೊರಟುಹೋದ. ಆರ್ಡರೂ ಅವನ ಹಿಂದೆಯೇ ಹೋಯಿತು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅವನು ಬೇರೆ ಯಾರ ಕೈಯಲ್ಲಾದರೂ ಸೀಲು ಒಡೆಸುತ್ತಾನೆ ಎಂಬುದು ಭಾನುಪ್ರಿಯಳ ಮನಸ್ಸಿನಿಂದ ಕದಲಲಿಲ್ಲ. ಮಾರನೆಯ ದಿನ ಮಂಗಳೂರಿನಲ್ಲಿ ಹಡಗು ತಪಾಸಣೆ ಮಾಡುವ ಅಧಿಕಾರಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಮಧ್ಯಾಹ್ನ ಎತ್ತಿದವರು ಬೇರೆ ನಂಬರ್ ಕೊಟ್ಟರು. ಆ ನಂಬರಿನವರು, "ನಿಮ್ಮ ಕಂಪನಿಗೂ ಅವರಿಗೂ ಜಗಳವಾ?" ಎಂದು ಕೇಳಿದರು. ಅವಳು ಮತ್ತೆ ಮತ್ತೆ ಮಾಡಿದಳು. ಕಡೆಗೆ ಸಿಕ್ಕ ಅಧಿಕಾರಿಗೆ ಹೇಳಿದ್ದು ಇಷ್ಟೇ: "ಮಿಷನ್ನು ನಮ್ಮಿಂದ ಸೀಲಾಗಿ ಹೋಗಿದೆ ಸಾರ್. ಹಡಗು ಹೊರಡೋಕೆ ಮುಂಚೆ ಆ ಸೀಲನ್ನ ಒಂದ್ಸಲ ನೋಡಿ."

ಅವರು ನೋಡಿದರು. ಸೀಲು ಒಡೆದಿತ್ತು, ಒಳಗೆ ಕೂಗಿಗೆ ಹೋಗುವ ತಂತಿಯನ್ನು ಯಾರೋ ಕತ್ತರಿಸಿದ್ದರು. ಹಡಗನ್ನು ಬಂದರಿನಲ್ಲೇ ತಡೆದರು.

ಆ ವಾರ ಹಡಗಿನ ಮುಖ್ಯ ಎಂಜಿನಿಯರ್ ಫೋನ್ ಮಾಡಿದ. ದನಿ ಗಡುಸಾಗಿತ್ತು. "ಹೊಸ ಫಿಲ್ಟರ್ ಬಂದಿದೆ. ಬಂದು ಕೂರಿಸಿ ಹೋಗಿ."

ಭಾನುಪ್ರಿಯ ಟೂಲ್ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದಳು. ಹಡಗಿನ ಹೊಟ್ಟೆಯೊಳಗೆ ಕಬ್ಬಿಣದ ಏಣಿ ಇಳಿದು, ಸೆಕೆಯಲ್ಲಿ ಬೆವರುತ್ತಾ ತಂತಿ ಬೆಸೆದು ಫಿಲ್ಟರ್ ಕೂರಿಸಿದಳು. ತಪಾಸಣೆಯ ಅಧಿಕಾರಿ ಪಕ್ಕದಲ್ಲಿದ್ದರು. ಟ್ಯಾಂಕಿನ ನೀರು ಬಿಟ್ಟರು. ಯಂತ್ರ ಕೂಗಿತು.

ಎಂಜಿನಿಯರ್ ಹಣೆ ಒರೆಸಿಕೊಂಡ. "ಫಿಲ್ಟರ್ ಹೊಸದು, ಮೇಡಂ. ಇನ್ನು ನಿಮ್ಮ ಯಂತ್ರದ್ದೇ ತಪ್ಪು."

ಅವಳು ಟ್ಯಾಂಕಿನ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟಳು. ವರ್ಷಗಳ ಎಣ್ಣೆಗಸಿ ಡಾಂಬರಿನ ಹಾಗೆ ಗೋಡೆಗೆ ಮೆತ್ತಿಕೊಂಡಿತ್ತು.

"ಇದನ್ನೆಲ್ಲ ಕೆರೆದು ದಡಕ್ಕೆ ಸಾಗಿಸ್ಬೇಕು, ಸಾರ್. ಇದಿರೋವರ್ಗೂ ಯಾವ ಫಿಲ್ಟ್ರೂ ಸೋಸಲ್ಲ."

"ಇಡೀ ದಿನದ ಕೆಲಸ ಅದು."

"ನಾನು ಇಲ್ಲೇ ಇರ್ತೀನಿ."

ಅವಳು ಒಂದು ಬಕೆಟ್ ಮಗುಚಿಹಾಕಿ ಅದರ ಮೇಲೆ ಕುಳಿತಳು. ಎಂಜಿನಿಯರ್ ಅಧಿಕಾರಿಯ ಮುಖ ನೋಡಿದ. ಅಲ್ಲಿಂದ ನೆರವು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರು ಕೆಲಸಗಾರರು ಸಲಿಕೆ, ಬಕೆಟ್ಟು ಹಿಡಿದು ಕೆಳಗಿಳಿದು ಬಂದರು. ಭಾನುಪ್ರಿಯ ಕುಳಿತಲ್ಲಿಂದಲೇ ಅವರಿಗೆ ಟಾರ್ಚ್ ಹಿಡಿದಳು.